ಒಂದೇ ಥರ ಕಂಡರೂ ಒಂದೇ ಅಲ್ಲ

ನನ್ನದು ಐರೋಲಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ದಿನಕ್ಕೆ ಹತ್ತಾರು ಸಲ ನಾನು ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತೇನೆ. ನಿನ್ನೆಯವರೆಗೆ ಸರಿಯಾಗಿ ಓಡುತ್ತಿದ್ದ ಪ್ರೋಗ್ರಾಂ ಒಂದು ಕಡೆ, ಇವತ್ತು ಕೈಕೊಟ್ಟದ್ದು ಇನ್ನೊಂದು ಕಡೆ. ಸಾವಿರಾರು ಸಾಲುಗಳ ನಡುವೆ ಬದಲಾದ ಒಂದೇ ಒಂದು ಸಾಲಿಗೆ ಕಂಪ್ಯೂಟರ್ ಬಣ್ಣ ಹಚ್ಚಿ ತೋರಿಸುತ್ತದೆ. ಹೀಗೆ ಹೋಲಿಸಿ ವ್ಯತ್ಯಾಸ ಹಿಡಿಯುವುದು ನಮ್ಮ ಕಸುಬಿನವರ ಜಾಣತನ ಎಂದೇ ಬಹಳ ದಿನ ಅಂದುಕೊಂಡಿದ್ದೆ. ಆ ಭ್ರಮೆ ಹೋದದ್ದು ನನ್ನ ಅತ್ತಿಗೆಯ ಹೆರಿಗೆಯ ಸಮಯದಲ್ಲಿ.

ಅತ್ತಿಗೆ ಕುಂದಾಪುರದ ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದವಳು. ಕಾಲೇಜಿನಲ್ಲಿದ್ದಾಗ ಮಾಡಿಸಿದ ರಕ್ತಪರೀಕ್ಷೆಯ ಕಾರ್ಡಿನಲ್ಲಿ 'ಓ ಪಾಸಿಟಿವ್' ಎಂದಿತ್ತು. ಅದನ್ನು ಯಾರೂ ಅನುಮಾನಿಸಿರಲಿಲ್ಲ. ಎಂಟು ತಿಂಗಳು ತುಂಬುವಾಗ ಹಿಮೋಗ್ಲೋಬಿನ್ ಬಹಳ ಕಡಿಮೆ ಇದೆ, ಶಸ್ತ್ರಚಿಕಿತ್ಸೆ ಆಗಬಹುದು, ಎರಡು ಬಾಟಲಿ ರಕ್ತ ಸಿದ್ಧವಿರಲಿ ಎಂದರು ವೈದ್ಯರು. ಅಣ್ಣ ನಿಶ್ಚಿಂತೆಯಿಂದಿದ್ದ. ಓ ಗುಂಪಿಗೆ ಬರವೇ? ಆದರೆ ರಕ್ತನಿಧಿಯವರು ಮೊದಲ ಬಾಟಲಿಯನ್ನು ಹೊಂದಿಸಿ ನೋಡಿದರು, ಹೊಂದಲಿಲ್ಲ. ಎರಡನೆಯದೂ ಹೊಂದಲಿಲ್ಲ. ಮೂರನೆಯದೂ ಇಲ್ಲ. ಸಂಜೆಯ ಹೊತ್ತಿಗೆ ಅಣ್ಣನ ಮುಖ ಬಿಳಿಚಿಕೊಂಡಿತ್ತು. ಅಲ್ಲಿ ಕೆಲಸಕ್ಕಿದ್ದ ಒಬ್ಬ ಕಿರಿಯ ತಂತ್ರಜ್ಞೆ, 'ಇದು ಓ ಅಲ್ಲದಿರಬಹುದು, ಇನ್ನೊಂದು ಪರೀಕ್ಷೆ ಮಾಡಿಸೋಣ' ಎಂದಳು. ಮರುದಿನ ಉತ್ತರ ಬಂತು: ಬಾಂಬೆ ಬ್ಲಡ್ ಗ್ರೂಪ್.

ನಮ್ಮ ಊರಿನ ಹೆಸರಿನಲ್ಲೇ ಒಂದು ರಕ್ತದ ಗುಂಪು ಇದೆಯೆಂಬುದು ಈ ಊರಿನಲ್ಲೇ ಹುಟ್ಟಿ ಬೆಳೆದು, ಎಂ.ಟೆಕ್. ತನಕ ಓದಿದ ನನಗೆ ತಿಳಿದಿರಲಿಲ್ಲ! ದೂರದ ಉಪನಗರವೊಂದರಿಂದ ಅದೇ ಗುಂಪಿನ ದಾನಿಯೊಬ್ಬರು ರಾತ್ರಿ ಲೋಕಲ್ ಹಿಡಿದು ಬಂದು ರಕ್ತ ಕೊಟ್ಟು, ಚಹಾ ಕುಡಿದು, ಕೊನೆಯ ಗಾಡಿಗೆ ಹೊರಟುಹೋದರು. ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿಯಿತು. ಕಾರ್ಡಿನಲ್ಲಿ 'ಓ' ಎಂದೇ ಇತ್ತು, ಪರೀಕ್ಷೆ ಮಾಡಿದವರದೂ ಬೇಜವಾಬ್ದಾರಿಯಲ್ಲ. ಹಾಗಾದರೆ ಇದು ಬೇರೆ ಎಂದು ಮೊದಲು ಕಂಡುಕೊಂಡವರಿಗೆ ಹೇಗೆ ಗೊತ್ತಾಯಿತು? ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ರಕ್ತದ ಗುಂಪುಗಳ ಕಥೆ ಶುರುವಾಗುವುದೇ ಹೋಲಿಕೆಯಿಂದ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನದೂ ತನ್ನ ಸಹೋದ್ಯೋಗಿಗಳದೂ ರಕ್ತ ತೆಗೆದು, ಒಬ್ಬರ ರಕ್ತರಸವನ್ನು ಇನ್ನೊಬ್ಬರ ಕೆಂಪು ಕಣಗಳ ಜೊತೆ ಬೆರೆಸಿ ನೋಡಿದರು. ಕೆಲವು ಜೋಡಿಗಳಲ್ಲಿ ಕಣಗಳು ಗಂಟುಗಟ್ಟಿದವು, ಕೆಲವದರಲ್ಲಿ ಇಲ್ಲ. ಎಲ್ಲವನ್ನೂ ಒಂದು ಕೋಷ್ಟಕದಲ್ಲಿ ಬರೆದಾಗ ಮೂರು ಗುಂಪುಗಳು ತಾವಾಗಿ ಎದ್ದು ನಿಂತವು. ಇದು 1901ರಲ್ಲಿ ಪ್ರಕಟವಾಯಿತು. ಮರುವರ್ಷ ಅವರ ಜೊತೆಯವರು ನಾಲ್ಕನೆಯ ಗುಂಪನ್ನು ಕಂಡುಹಿಡಿದರು. ಲ್ಯಾಂಡ್‌ಸ್ಟೈನರ್‌ಗೆ 1930ರಲ್ಲಿ ನೊಬೆಲ್ ಬಂತು. ಒಬ್ಬರ ರಕ್ತವನ್ನು ಮಾತ್ರ ಎಷ್ಟು ಹೊತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಅದು ಎ ಗುಂಪೋ ಬಿ ಗುಂಪೋ ತಿಳಿಯುವುದಿಲ್ಲ. ಇನ್ನೊಬ್ಬರ ರಕ್ತದ ಜೊತೆ ಇಟ್ಟಾಗಲೇ ಅದು ಬಾಯಿ ಬಿಡುವುದು.

ಆಮೇಲೆ ಐವತ್ತು ವರ್ಷ ಎ, ಬಿ, ಓ ಲೆಕ್ಕ ಈ ನಾಲ್ಕು ಮುಖ್ಯ ಗುಂಪುಗಳ ಮೇಲೆಯೇ ನಡೆಯಿತು. 1952ರಲ್ಲಿ ಪರೇಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಡಾ. ವೈ.ಎಂ. ಭೇಂಡೆ ಮತ್ತು ಅವರ ಸಂಗಡಿಗರ ಮುಂದೆ ವಿಚಿತ್ರ ರಕ್ತ ಬಂತು. ಕಣಗಳನ್ನು ಪರೀಕ್ಷಿಸಿದರೆ ಎ ಇಲ್ಲ, ಬಿ ಇಲ್ಲ. ನಿಯಮದ ಪ್ರಕಾರ ಅದು ಓ. ಆದರೆ ಅದೇ ವ್ಯಕ್ತಿಯ ರಕ್ತರಸ ಎ ಕಣಗಳನ್ನು, ಬಿ ಕಣಗಳನ್ನು ಮಾತ್ರವಲ್ಲ, ಓ ಕಣಗಳನ್ನೂ ಗಂಟುಗಟ್ಟಿಸಿತು. ಓ ಗುಂಪಿನವರು ಓ ರಕ್ತವನ್ನೇ ಬೇಡವೆನ್ನುವುದು ಸಾಧ್ಯವೇ ಇಲ್ಲ. ಆದ್ದರಿಂದ ಇದು ಓ ಅಲ್ಲ. ಈ ರಕ್ತದ ಅಧ್ಯಯನದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಸಂಶೋಧಕರೂ ಸೇರಿದರು. ಆ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಚಿಕ್ಕ ಲೇಖನದಲ್ಲಿ ಭೇಂಡೆ, ದೇಶಪಾಂಡೆ, ಭಾಟಿಯಾ ಅವರ ಹೆಸರುಗಳ ಜೊತೆ ರುತ್ ಸ್ಯಾಂಗರ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಎಂಬ ಇಬ್ಬರು ಮಹಿಳೆಯರ ಹೆಸರುಗಳೂ ಇವೆ. ಆ ಹೆಸರುಗಳನ್ನು ಓದಿದಾಗ ಆ ಕಿರಿಯ ತಂತ್ರಜ್ಞೆಯೇ ನೆನಪಾದಳು.

ಒಳಗಿನ ಕಾರಣ ಹೀಗಿದೆ. ಕೆಂಪು ಕಣದ ಮೇಲೆ 'ಎಚ್' ಎಂಬ ಒಂದು ಅಡಿಪಾಯದ ವಸ್ತು ಇರುತ್ತದೆ. ಅದರ ಮೇಲೆ ಒಂದು ಬಗೆಯ ಸಕ್ಕರೆ ಸೇರಿದರೆ ಎ, ಇನ್ನೊಂದು ಬಗೆಯದು ಸೇರಿದರೆ ಬಿ, ಏನೂ ಸೇರದೆ ಬರೀ ಅಡಿಪಾಯ ಉಳಿದರೆ ಓ. ಬಾಂಬೆ ಗುಂಪಿನವರಲ್ಲಿ ಅಡಿಪಾಯವೇ ಇಲ್ಲ. ಅಡಿಪಾಯವಿಲ್ಲದ ಮೇಲೆ ಮಹಡಿ ಎಲ್ಲಿಂದ ಬರಬೇಕು? ಹಾಗಾಗಿ ಸಾಮಾನ್ಯ ಪರೀಕ್ಷೆಗೆ ಅದು ಓ ಎಂದೇ ಕಾಣುತ್ತದೆ. ಆದರೆ ಅವರ ಶರೀರಕ್ಕೆ ಎಚ್ ಎಂಬುದು ಪರಕೀಯ, ಓ ರಕ್ತ ಕೊಟ್ಟರೂ ಪ್ರಾಣಕ್ಕೆ ಅಪಾಯ. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ, ಯುರೋಪಿನಲ್ಲಿ ಸುಮಾರು ಹತ್ತು ಲಕ್ಷದಲ್ಲಿ ಒಬ್ಬರಿಗೆ ಈ ಗುಂಪು ಇರುತ್ತದೆ ಎನ್ನುತ್ತಾರೆ. ಅವರಿಗೆ ಅದೇ ಗುಂಪಿನವರ ರಕ್ತವೇ ಬೇಕು.

ಇಲ್ಲಿ ನಾನು ಕಲಿತ ಮೊದಲ ಪಾಠ: ಒಂದೇ ದಿಕ್ಕಿನಿಂದ ಹೋಲಿಸಿದರೆ ಸಾಲದು. ಕಣಗಳನ್ನು ನೋಡಿದಾಗ ಅತ್ತಿಗೆಯ ರಕ್ತಕ್ಕೂ ಓ ರಕ್ತಕ್ಕೂ ವ್ಯತ್ಯಾಸವಿಲ್ಲ. ರಕ್ತರಸದ ಕಡೆಯಿಂದ ನೋಡಿದಾಗ ಆಕಾಶ ಭೂಮಿಯಷ್ಟು ಅಂತರ.

ಎರಡನೆಯ ಪಾಠ ಕಲಿಸಿದವರು ಇದೇ ಮುಂಬಯಿಯಲ್ಲಿ ದುಡಿದ ಒಬ್ಬ ಗಣಿತಜ್ಞರು. ಗೋವಾದಲ್ಲಿ 1907ರಲ್ಲಿ ಹುಟ್ಟಿದ ದಾಮೋದರ ಧರ್ಮಾನಂದ ಕೋಸಂಬಿ 1945ರಿಂದ 1962ರವರೆಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದರು. ಪುಣೆಯಲ್ಲಿ ಮನೆ, ಮುಂಬಯಿಯಲ್ಲಿ ಕೆಲಸ. ಡೆಕ್ಕನ್ ಕ್ವೀನ್ ರೈಲಿನಲ್ಲಿ ಓಡಾಟ. ಗಾಡಿಯಲ್ಲೇ ಅರ್ಧ ಆಯುಷ್ಯ ಕಳೆಯುವ ನಮಗೆ ಇಂಥವರು ಬಹಳ ಹತ್ತಿರದವರು. ಮುಂಬಯಿಗೆ ಬರುವ ಮೊದಲೇ ಅವರು ಹಳೆಯ ನಾಣ್ಯಗಳ ಹಿಂದೆ ಬಿದ್ದಿದ್ದರು. ತಕ್ಷಶಿಲೆಯಲ್ಲಿ ಸಿಕ್ಕಿದ ಮುದ್ರಾಂಕಿತ ಬೆಳ್ಳಿ ನಾಣ್ಯಗಳ ಮೇಲೆ ರಾಜನ ಹೆಸರಿಲ್ಲ, ಇಸವಿಯಿಲ್ಲ, ಬರೀ ಸೂರ್ಯ, ಆನೆ, ಬೆಟ್ಟ ಇಂಥ ಗುರುತುಗಳು. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಹೇಳುವುದು ಹೇಗೆ?

ಕೋಸಂಬಿ ತಕ್ಕಡಿ ಹಿಡಿದರು. ನಾಣ್ಯ ಕೈಯಿಂದ ಕೈಗೆ ಹೋದಂತೆ ಸವೆಯುತ್ತದೆ, ತೂಕ ಇಳಿಯುತ್ತದೆ. ಆದರೆ ಒಂದು ನಾಣ್ಯವನ್ನು ತೂಗಿದರೆ ಏನೂ ತಿಳಿಯದು, ಟಂಕಸಾಲೆಯಿಂದ ಹೊರಬರುವಾಗಲೇ ಅದು ಹಗುರವಾಗಿದ್ದಿರಬಹುದು. ನೂರಾರು ನಾಣ್ಯಗಳ ಗುಂಪನ್ನು ತೂಗಿ ಸರಾಸರಿ ತೆಗೆಯಬೇಕು. ಅದೂ ಸಾಲದು. ಸವೆತ ನಿಜವಾಗಿ ಹೇಗೆ ನಡೆಯುತ್ತದೆಂದು ತಿಳಿಯಲು ಅವರು ತಮ್ಮ ಕಾಲದಲ್ಲಿ ಚಲಾವಣೆಯಲ್ಲಿದ್ದ, ಇಸವಿ ಅಚ್ಚಾಗಿದ್ದ ನಾಣ್ಯಗಳನ್ನು ಸಾವಿರಗಟ್ಟಲೆ ತೂಗಿದರು. ಕಾಲ ಕಳೆದಂತೆ ಸರಾಸರಿ ತೂಕ ಇಳಿಯುತ್ತದೆ, ಒಂದಕ್ಕೊಂದರ ನಡುವಿನ ಏರುಪೇರು ಹೆಚ್ಚುತ್ತದೆ ಎಂಬುದು ಗೊತ್ತಿದ್ದ ನಾಣ್ಯಗಳಿಂದ ಖಚಿತವಾಯಿತು. ಆ ಅಳತೆಗೋಲನ್ನು ಹಿಡಿದು ಗೊತ್ತಿಲ್ಲದ ನಾಣ್ಯಗಳ ಬಳಿ ಹೋದರು. ಹಿಂಬದಿಯಲ್ಲಿ ಚಿಕ್ಕ ಪರಿಶೀಲನಾ ಗುರುತುಗಳು ಹೆಚ್ಚಿದ್ದಷ್ಟೂ ತೂಕ ಕಡಿಮೆ ಇರುವುದು ಕಂಡಿತು. ಹೆಸರಿಲ್ಲದ ನಾಣ್ಯಗಳು ಸಾಲುಗಟ್ಟಿ ನಿಂತವು. ಗೊತ್ತಿರುವ ಒಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಗೊತ್ತಿಲ್ಲದ್ದನ್ನು ಅಳೆಯಬಾರದು ಎಂಬುದೇ ಎರಡನೆಯ ಪಾಠ.

ಇದೇ ಕೋಸಂಬಿಯವರು ಭರ್ತೃಹರಿಯ ಸುಭಾಷಿತಗಳಿಗೂ ಇದೇ ಕೆಲಸ ಮಾಡಿದರು. ಶತಕತ್ರಯ ಎಂದರೆ ಮುನ್ನೂರು ಪದ್ಯ. ಆದರೆ ದೇಶದ ಉದ್ದಗಲಕ್ಕೂ ಇರುವ ಹಸ್ತಪ್ರತಿಗಳಲ್ಲಿ ಒಂದೊಂದರಲ್ಲಿ ಒಂದೊಂದು ಪದ್ಯ. ಮುನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ಹೋಲಿಸಿ, ಹೆಚ್ಚುಕಡಿಮೆ ಎಲ್ಲ ಕಡೆಯೂ ಬರುವ ಸುಮಾರು 200 ಪದ್ಯಗಳನ್ನು ಬೇರೆ ಮಾಡಿದರು. ಉಳಿದವುಗಳಲ್ಲಿ ಸಂಶಯದವು, ಯಾರೋ ಸೇರಿಸಿದವು ಎಂದು ವಿಂಗಡಿಸಿದರು. ಆ ಗ್ರಂಥ 1948ರಲ್ಲಿ ಮುಂಬಯಿಯಿಂದಲೇ ಪ್ರಕಟವಾಯಿತು. ನಾಣ್ಯವಾಗಲಿ ಪದ್ಯವಾಗಲಿ, ಅವರ ಕಣ್ಣು ಒಂದೇ.

ಹೋಲಿಕೆಯ ಮಾತು ಬಂದ ಮೇಲೆ ಕನ್ನಡವನ್ನು ಬಿಡಲಾದೀತೇ? ನಮ್ಮ ಕಟ್ಟಡದಲ್ಲಿ ಪಕ್ಕದ ಮನೆಯವರು ತುಳು, ಮೇಲಿನವರು ತಮಿಳು, ಎದುರಿನವರು ತೆಲುಗು. ನಾವು ಹುಲಿ ಎಂದರೆ ತುಳುವಿನವರು ಪಿಲಿ, ತಮಿಳರೂ ತೆಲುಗರೂ ಪುಲಿ ಎನ್ನುತ್ತಾರೆ. ನಮಗೆ ಹಾಲು, ತಮಿಳರಿಗೆ ಪಾಲ್, ತೆಲುಗರಿಗೆ ಪಾಲು. ನಮಗೆ ಹೂ, ತುಳುವಿಗೂ ತಮಿಳಿಗೂ ಪೂ. ನಮಗೆ ಹೆಣ್ಣು, ತುಳುವಿಗೆ ಪೊಣ್ಣು, ತಮಿಳಿಗೆ ಪೆಣ್. ಒಂದು ಶಬ್ದ ಹೋಲಿದರೆ ಅದು ಆಕಸ್ಮಿಕವಿರಬಹುದು, ಅಥವಾ ಒಬ್ಬರಿಂದ ಒಬ್ಬರು ಎರವಲು ಪಡೆದದ್ದಿರಬಹುದು. ಆದರೆ ಅವರು ಪಕಾರ ಹೇಳುವಲ್ಲೆಲ್ಲ ನಾವು ಸಾಲಾಗಿ ಹಕಾರ ಹೇಳುತ್ತೇವೆಂದರೆ ಅದು ಆಕಸ್ಮಿಕವಲ್ಲ. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ ಎಂದೇ ಹೇಳುತ್ತಿದ್ದೆವು. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಪಕಾರ ಹಕಾರವಾಗುವುದು ಕಾಣತೊಡಗುತ್ತದೆ. ಅಂದರೆ ಅಕ್ಕತಂಗಿಯರ ಮಾತುಗಳ ನಡುವೆ ಕನ್ನಡ ಎಲ್ಲಿ ಬೇರೆಯಾಯಿತು ಎಂಬುದನ್ನು ಕಲ್ಲಿನ ಮೇಲೆಯೇ ಓದಬಹುದು.

ಮದರಾಸಿನ ಕಲೆಕ್ಟರ್ ಆಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ ತೆಲುಗು, ಕನ್ನಡ, ತಮಿಳು ಧಾತುಗಳನ್ನು ಪಟ್ಟಿ ಮಾಡಿ ಹೋಲಿಸಿ, ಈ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಇವಕ್ಕೆ ಬೇರೆಯದೇ ಮೂಲವಿದೆ ಎಂದು ತೋರಿಸಿದರು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದರು. ಆದರೆ ಹೋಲಿಸುವ ಬುದ್ಧಿ ಸೀಮೆಯಾಚೆಯಿಂದ ಬಂದದ್ದೆಂದು ತಿಳಿಯಬೇಡಿ. 9ನೆಯ ಶತಮಾನದ ಕವಿರಾಜಮಾರ್ಗದಲ್ಲೇ ಉತ್ತರ ಮಾರ್ಗ, ದಕ್ಷಿಣ ಮಾರ್ಗ ಎಂದು ಕಾವ್ಯದ ಎರಡು ರೀತಿಗಳನ್ನು ಎದುರುಬದುರು ಇಟ್ಟು ನೋಡಿದ್ದಾರೆ. 13ನೆಯ ಶತಮಾನದಲ್ಲಿ ಕೇಶಿರಾಜ, ಜನರ ಬಾಯಲ್ಲಿ ೞಕಾರ ಮತ್ತು ಳಕಾರಗಳು ಕಲಸಿಹೋಗುತ್ತಿದ್ದ ಕಾಲದಲ್ಲಿ, ೞಕಾರವಿರುವ ಶಬ್ದಗಳ ಪಟ್ಟಿಯನ್ನೇ ಕೊಟ್ಟ. ಕಿವಿಗೆ ಒಂದೇ ಎನಿಸತೊಡಗಿದ್ದನ್ನು ಒಂದಲ್ಲ ಎಂದು ಬರೆದಿಟ್ಟ. ಅವನು ಬರೆದಿಡದಿದ್ದರೆ ಆ ವ್ಯತ್ಯಾಸ ನಮಗೆ ತಿಳಿಯುವುದು ಇನ್ನೂ ಕಷ್ಟವಾಗುತ್ತಿತ್ತು.

ಹೋಲಿಕೆಯ ಕತ್ತಿಗೆ ಎರಡು ಅಲಗು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹರ್ಬರ್ಟ್ ರಿಸ್ಲಿಯಂಥ ಅಧಿಕಾರಿಗಳು ನಮ್ಮ ಜನರ ಮೂಗಿನ ಅಗಲ, ತಲೆಯ ಉದ್ದ ಅಳೆದು ಯಾರು ಮೇಲು, ಯಾರು ಕೀಳು ಎಂದು ಶ್ರೇಣಿ ಹಾಕಲು ಹೊರಟರು. ವ್ಯತ್ಯಾಸ ಎಂಬುದು ಒಂದು, ಮೇಲುಕೀಳು ಎಂಬುದು ಇನ್ನೊಂದು. ಅಳತೆಪಟ್ಟಿ ಮೊದಲನೆಯದನ್ನು ಹೇಳಬಲ್ಲದು, ಎರಡನೆಯದನ್ನು ಅಳೆಯುವವನ ಮನಸ್ಸು ಸೇರಿಸುತ್ತದೆ. ಇದನ್ನು ಎದುರಿಸಿ ನಿಂತ ಒಬ್ಬ ಹೆಣ್ಣುಮಗಳ ಕಥೆ ನಮ್ಮ ಮಹಿಳಾ ವಿಭಾಗದ ಸಂಚಿಕೆಯಲ್ಲಿ ಇರಲೇಬೇಕು.

ಇರಾವತಿ ಕರ್ವೆ 1905ರಲ್ಲಿ ಬರ್ಮಾದಲ್ಲಿ ಹುಟ್ಟಿದರು. ಅಲ್ಲಿನ ಐರಾವತಿ ನದಿಯ ಹೆಸರೇ ಅವರ ಹೆಸರು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಜಿ.ಎಸ್. ಘುರ್ಯೆ ಅವರ ಕೈಕೆಳಗೆ ಎಂ.ಎ. ಮಾಡಿ, ಸಂಶೋಧನೆಗೆ ಬರ್ಲಿನ್‌ಗೆ ಹೋದರು. ಅಲ್ಲಿ ಅವರ ಮಾರ್ಗದರ್ಶಕ ಆಯ್ಗನ್ ಫಿಷರ್, ಮುಂದೆ ನಾಜಿಗಳ ಜನಾಂಗನೀತಿಗೆ ಒತ್ತಾಸೆಯಾದ ವಿಜ್ಞಾನಿ. ಬಿಳಿಯರ ತಲೆಬುರುಡೆಯ ಎಡಬಲಗಳ ನಡುವಿನ ಅಸಮತೆ ಬೇರೆ ಜನಾಂಗದವರಿಗಿಂತ ಭಿನ್ನ, ಅದೇ ಅವರ ಬುದ್ಧಿಯ ಹೆಚ್ಚುಗಾರಿಕೆಯ ಗುರುತು ಎಂಬುದು ಅವರ ಊಹೆ. ಅದನ್ನು ಅಳೆದು ನೋಡುವ ಕೆಲಸ ಈ ಭಾರತೀಯ ವಿದ್ಯಾರ್ಥಿನಿಗೆ ಬಂತು. ಇರಾವತಿ ಬುರುಡೆಗಳನ್ನು ಒಂದೊಂದಾಗಿ ಅಳೆದರು. ಜನಾಂಗಕ್ಕೂ ಅಸಮತೆಗೂ ಸಂಬಂಧ ಕಾಣಲಿಲ್ಲ. ಗುರು ಬಯಸಿದ ವ್ಯತ್ಯಾಸ ಅಲ್ಲಿ ಇರಲಿಲ್ಲ, ಇಲ್ಲ ಎಂದೇ ಬರೆದರು. ಆಗ ಅವರಿಗೆ ಇನ್ನೂ ಇಪ್ಪತ್ತೈದರ ಆಸುಪಾಸು. ಪರದೇಶದಲ್ಲಿ, ಪದವಿ ಕೊಡಬೇಕಾದ ಗುರುವಿನ ಎದುರಿಗೆ! ವ್ಯತ್ಯಾಸ ಹುಡುಕಲು ಹೋದವರು ವ್ಯತ್ಯಾಸವಿಲ್ಲ ಎಂದು ಹೇಳಲು ಸಿದ್ಧರಿರಬೇಕು ಎಂಬುದು ಇವರಿಂದ ಕಲಿತ ಪಾಠ.

ಇದ್ದ ವ್ಯತ್ಯಾಸವನ್ನು ಹೇಳಲೂ ಅವರು ಹಿಂಜರಿಯಲಿಲ್ಲ. 1953ರಲ್ಲಿ ಬಂದ ಅವರ ಗ್ರಂಥದಲ್ಲಿ ಭಾರತದ ಉತ್ತರ, ಮಧ್ಯ, ದಕ್ಷಿಣ, ಪೂರ್ವ ಭಾಗಗಳ ನೆಂಟಸ್ತಿಕೆಯ ಪದ್ಧತಿಗಳನ್ನು ಹೋಲಿಸಿದ್ದಾರೆ. ನಾವು ಮನೆಯಲ್ಲೇ ಪರೀಕ್ಷಿಸಬಹುದಾದ ವಿಷಯ ಇದು. ಕನ್ನಡದಲ್ಲಿ ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ತಾಯಿಯ ತಮ್ಮನೂ ಮಾವ, ಗಂಡನ ತಂದೆಯೂ ಮಾವ. ಮರಾಠಿಯಲ್ಲಿ ಅಪ್ಪನ ತಂಗಿ ಆತ್ಯಾ, ಗಂಡನ ತಾಯಿ ಸಾಸೂ. ತಾಯಿಯ ತಮ್ಮ ಮಾಮಾ, ಗಂಡನ ತಂದೆ ಸಾಸರಾ. ನನ್ನ ಮರಾಠಿ ಗೆಳತಿ, 'ನಿಮ್ಮಲ್ಲಿ ಶಬ್ದಗಳಿಗೆ ಬಡತನವೇ?' ಎಂದು ನಗುತ್ತಿದ್ದಳು. ಬಡತನವಲ್ಲ. ಸೋದರತ್ತೆಯ ಮಗನನ್ನೋ ಸೋದರಮಾವನ ಮಗನನ್ನೋ ಮದುವೆಯಾಗುವ ಪದ್ಧತಿ ಇದ್ದಲ್ಲಿ ಆ ಇಬ್ಬರು ಅತ್ತೆಯರು ಒಬ್ಬರೇ ಆಗಿರುತ್ತಾರೆ. ಉತ್ತರದ ಹೆಣ್ಣು ಅಪರಿಚಿತರ ಮನೆಗೆ ಹೋಗುತ್ತಾಳೆ, ದಕ್ಷಿಣದವಳು ಬಲ್ಲವರ ಮನೆಗೆ ಹೋಗುತ್ತಾಳೆ ಎಂಬುದನ್ನು ಕರ್ವೆ ಗುರುತಿಸಿದರು. ಮಹಾರಾಷ್ಟ್ರ ಇವೆರಡರ ನಡುವೆ, ಎರಡೂ ಕಡೆಯ ಪದ್ಧತಿಗಳು ಬೆರೆತ ಸೀಮೆ.

ಇಲ್ಲಿಗೆ ನನ್ನ ಓದು ಸುತ್ತು ಹಾಕಿ ಅತ್ತಿಗೆಯ ಮನೆ ಬಾಗಿಲಿಗೇ ಬಂದು ನಿಂತಿತು. ಅತ್ತಿಗೆಯ ಅಮ್ಮ ಮದುವೆಯಾದದ್ದು ತನ್ನ ಸೋದರಮಾವನನ್ನು. ಬಾಂಬೆ ಗುಂಪು ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಕೆಲಸ ಮಾಡದ ಎಚ್ ವಂಶವಾಹಿ ಬರಬೇಕು. ಒಂದೇ ಕುಟುಂಬದವರು ಮದುವೆಯಾದಾಗ ಅದು ಕೂಡಿಬರುವ ಸಾಧ್ಯತೆ ಹೆಚ್ಚು. ತಂದೆ ತಾಯಿ ಇಬ್ಬರೂ ಅಂಥ ಒಂದೊಂದು ವಂಶವಾಹಿ ಹೊತ್ತವರಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಹಾಗೆ ಹೇಳಿದ್ದೇ ತಡ, ಅತ್ತಿಗೆಯ ಒಡಹುಟ್ಟಿದ ಮೂವರನ್ನೂ ಪರೀಕ್ಷೆ ಮಾಡಿಸಿದೆವು. ಇಬ್ಬರು ಸಾಮಾನ್ಯ ಓ. ಕಿರಿಯ ತಮ್ಮ ಬಾಂಬೆ ಗುಂಪು! ಅವನ ಜೇಬಿನಲ್ಲೂ 'ಓ ಪಾಸಿಟಿವ್' ಎಂಬ ಕಾರ್ಡು ಇತ್ತು, ಬೈಕಿನಲ್ಲಿ ಓಡಾಡುವ ಹುಡುಗ. ಒಂದು ಅಪಘಾತವಾಗಿ, ಅವಸರದಲ್ಲಿ ಹೊಂದಿಸಿ ನೋಡದೆ ಓ ರಕ್ತ ಹಾಕಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಈಗ ಅವನೂ ದಾನಿಗಳ ಪಟ್ಟಿಯಲ್ಲಿದ್ದಾನೆ. ಕಳೆದ ವರ್ಷ ಒಬ್ಬ ಅಪರಿಚಿತ ಬಾಣಂತಿಗೆ ರಕ್ತ ಕೊಟ್ಟು ಬಂದ.

ಈ ಸಂಗತಿ ತಿಳಿದ ಮೇಲೆ ಅತ್ತಿಗೆಯ ಅಮ್ಮ ಕೆಲವು ದಿನ ಮಂಕಾಗಿದ್ದರು. 'ನಮ್ಮ ಮದುವೆಯೇ ತಪ್ಪಾಯಿತೇನೋ' ಎಂದರು. ಅವರಿಗೆ ನಾನು ಕೋಸಂಬಿಯವರ ತಕ್ಕಡಿಯ ಕಥೆಯನ್ನೂ ಕರ್ವೆಯವರ ಬುರುಡೆಗಳ ಕಥೆಯನ್ನೂ ಹೇಳಿದೆ. ಬೇರೆ ಎಂದರೆ ಕೆಟ್ಟದ್ದು ಎಂದಲ್ಲ ಅಮ್ಮ, ಬೇರೆ ಎಂಬುದು ಗೊತ್ತಿಲ್ಲದಿರುವುದೇ ಅಪಾಯ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಊರಿನಲ್ಲಿರುವ ನನ್ನ ಅಣ್ಣನ ಮಕ್ಕಳಿಗೂ ಪರೀಕ್ಷೆ ಮಾಡಿಸಲು ಹೇಳು' ಎಂದರು.

ಸೋದರಿಯರೇ, ನಿಮ್ಮಲ್ಲಿಯೂ ಮನೆಯವರ ರಕ್ತದ ಗುಂಪಿನ ಕಾರ್ಡುಗಳು ಬೀರುವಿನಲ್ಲಿ ಇರಬಹುದು. ಅದರಲ್ಲಿ ಓ ಎಂದಿದ್ದರೆ, ಮುಂದೆ ರಕ್ತಪರೀಕ್ಷೆಗೋ ರಕ್ತದಾನಕ್ಕೋ ಹೋದಾಗ ಕಣಗಳ ಜೊತೆ ರಕ್ತರಸವನ್ನೂ ಓ ಕಣಗಳೊಂದಿಗೆ ಪರೀಕ್ಷಿಸಿದ್ದಾರೆಯೇ ಎಂದು ಒಂದು ಮಾತು ಕೇಳಿ. ಬಸುರಿಯರಿದ್ದರೆ ಹೆರಿಗೆಯ ದಿನದವರೆಗೆ ಕಾಯದೆ ಮೊದಲೇ ಕೇಳಿ. ಓ ಗುಂಪಿನವರಲ್ಲಿ ಬಹುಪಾಲು ಜನ ನಿಜವಾಗಿಯೂ ಓ, ಹೆದರುವ ಕಾರಣವಿಲ್ಲ. ಅಲ್ಲದ ಆ ಒಬ್ಬರು ನಮ್ಮ ಮನೆಯಲ್ಲೇ ಇರಬಹುದು ಎಂಬುದಷ್ಟೇ ನೆನಪಿರಲಿ.